ನೆಲ ಮುಟ್ಟಿದ ಕೈ

ಹಿಂದೆ ಕೊರಿಯಾದಲ್ಲೊಬ್ಬ ಧಣಿಗೆ ಟೆಕ್ಯೊನ್ ಹುಚ್ಚು. ಒದ್ದು, ಕಾಲಿಗೆ ಕಾಲು ಕೊಟ್ಟು ಕೆಡವುವ ಆಟ ಅದು. ಯಾರ ಕೈ ನೆಲ ಮುಟ್ಟಿತೋ ಅವರು ಸೋತಂತೆ.

ಒಂದು ದಿನ ಆಳನ್ನು ಅಂಗಳಕ್ಕೆ ಕರೆದ. "ಬಾರೋ. ನನ್ನನ್ನು ಗೆದ್ದರೆ ಮಾತ್ರ ಹಬ್ಬಕ್ಕೆ ಊರಿಗೆ ಹೋಗು."

ಧಣಿಯನ್ನು ಒದ್ದರೆ ಬೆನ್ನಿಗೆ ಛಡಿಯೇಟು, ಒದೆಯದಿದ್ದರೆ ಹಬ್ಬವಿಲ್ಲ. ಆಳು ಕುಣಿಯುತ್ತ, ಏಟು ತಪ್ಪಿಸಿಕೊಳ್ಳುತ್ತ ಹೊತ್ತು ದೂಡಿದ. ಅವನ ಕಣ್ಣೆಲ್ಲ ಬಾಗಿಲ ಮೇಲೆ. ಧಣಿಯ ಅಪ್ಪ ದೂರದ ಪ್ರಯಾಣ ಮುಗಿಸಿ ಅವತ್ತೇ ಬರುವವರಿದ್ದರು.

ಕಡೆಗೆ ಅವರು ಬಾಗಿಲಲ್ಲಿ ಕಂಡದ್ದೇ ಆಳು ಮೆಲ್ಲಗೆ ಅಂದ: "ದೊಡ್ಡ ಧಣಿಗಳು ಬಂದರು."

ಮಗ ಗಕ್ಕನೆ ತಿರುಗಿ, ಎರಡೂ ಕೈ ನೆಲಕ್ಕೂರಿ ಅಪ್ಪನಿಗೆ ಅಡ್ಡಬಿದ್ದ.

"ಧಣಿಗಳ ಕೈ ನೆಲ ಮುಟ್ಟಿತು" ಎಂದ ಆಳು, ಆಮೇಲೆ ತಾನೂ ಅಡ್ಡಬಿದ್ದ.

"ಇದು ಲೆಕ್ಕಕ್ಕಿಲ್ಲ" ಎಂದು ಮಗ ಗುಡುಗಿದ.

ಮುದುಕರ ಹುಬ್ಬು ಗಂಟಿಕ್ಕಿತು. "ಏನಂದೆ? ನನಗೆ ಅಡ್ಡಬಿದ್ದದ್ದು ಲೆಕ್ಕಕ್ಕಿಲ್ಲವೋ?"

ಮಗ ಮತ್ತೊಮ್ಮೆ ಅಡ್ಡಬಿದ್ದು ಏಳುವಷ್ಟರಲ್ಲಿ ಆಳು ಬುತ್ತಿ ಕಟ್ಟಿ ಊರ ದಾರಿ ಹಿಡಿದಿದ್ದ.