ಜುಂಜ ಕಿತ್ತುಕೊಂಡ ಮಜ್ಜಿಗೆ ಲೋಟ

"ದಾಸನಕಟ್ಟೆಗೆ ಯಾವ ಕಡೆಯಮ್ಮಾ?" ಅಂತ ಕರಿಯಕ್ಕ ಕೂಗಿದ್ದು ಮೊಣಕಾಲುದ್ದ ಕೆಸರಲ್ಲಿ ನಿಂತು. ಹಿಂದೆ ಮಗ ಜುಂಜ, ಅವನ ಕೈಯಲ್ಲಿ ಗಿಣ್ಣುಹಾಲಿನ ಚೊಂಬು.

ಕಳೆ ಕೀಳುತ್ತಿದ್ದವಳು ಬೆರಗಾದಳು. "ದಾರಿ ಅಲ್ಲಿದೆಯಲ್ಲಕ್ಕಾ! ಗದ್ದೆಗೆ ಯಾಕಿಳಿದ್ರಿ?"

"ನೇರ ನಡಿ ಅಂದ್ಯಲ್ಲವ್ವಾ!" ಅಂದ ಜುಂಜ. "ದಾರಿ ತಿರುಗ್ತು. ನಾನು ತಿರುಗ್ಲಿಲ್ಲ!"

"ಅಯ್ಯೋ ನನ್ನ ಹಣೆಬರಹವೇ!"

ಅಂತೂ ಮಗಳು ರಂಗಿಯ ಮನೆ ಸಿಕ್ಕಿತು. ಹಸು ಕರು ಹಾಕಿದರೆ ಗಿಣ್ಣು ಮೊದಲು ಮೊಮ್ಮಕ್ಕಳ ಬಾಯಿಗೆ. ದನ ಸಾಕುವ ಕರಿಯಕ್ಕನ ಮನೆಯ ಪದ್ಧತಿ ಅದು. ರಂಗಿಯ ಎಂಟು ತಿಂಗಳ ಕೂಸಿಗೆ ಕರಿಯಕ್ಕ ಬೆರಳ ತುದಿಯಷ್ಟು ನೆಕ್ಕಿಸಿದಳು. ಗಳಿಗೆಯಲ್ಲಿ ತುಟಿ ಊದಿತು, ಮೈಯೆಲ್ಲ ದದ್ದು, ಮೇಲೆ ವಾಂತಿ!

ಊರಿನ ನರ್ಸ್ ಸರಸಿಜ ಓಡಿಬಂದಳು. "ಹಸುವಿನ ಹಾಲು ಕೊಟ್ಟಾಗ ಹಿಂದೆಯೂ ಹೀಗಾಗಿತ್ತಾ?"

"ಎರಡು ಸಲ ದದ್ದು ಎದ್ದಿತ್ತು," ಅಂದಳು ರಂಗಿ.

"ಹಾಗಾದ್ರೆ ಹಾಲೇ ಆಗ್ತಿಲ್ಲ. ಈಗಲೇ ಆಸ್ಪತ್ರೆಗೆ ನಡೀರಿ!"

ಕರಿಯಕ್ಕ ಸಿಡಿದಳು. "ಏಳು ತಲೆಮಾರು ಹಾಲು ಕರೆದ ಮನೆ ನಮ್ದು! ನಮ್ಮ ಹಾಲಿಗೆ ಹೆಸರಿಡೋ ನಿನ್ನ ನಾಲಿಗೆ ಸೀದುಹೋಗ!"

ಆಸ್ಪತ್ರೆಯಲ್ಲಿ ಊತ ಇಳಿಯಿತು. ಡಾಕ್ಟರರೂ ಅದನ್ನೇ ಅಂದರು. "ಮನೇಲಿ ಇನ್ಯಾರಿಗಾದ್ರೂ ಹೀಗಿದೆಯಾ?"

"ನಮ್ಮಲ್ಲಾ? ಯಾರಿಗೂ ಇಲ್ಲ!" ಕರಿಯಕ್ಕ ಸೆರಗು ಸರಿಮಾಡಿಕೊಂಡಳು.

ಮನೆಗೆ ಬಂದವಳೇ, "ಜುಂಜಾ, ಕೂಸಿಗೆ ಹಾಲು ಕೊಡಬೇಡ!" ಅಂದಳು.

ಸರಿಯವ್ವಾ ಅಂದ. ಬಟ್ಟಲಲ್ಲಿ ಮೊಸರು ತಂದ!

"ಲೋ ಪೆದ್ದೇ!"

"ಹಾಲಲ್ಲವ್ವಾ, ಮೊಸರು!"

"ಮೊಸರು, ಬೆಣ್ಣೆ, ಕೋವ, ಎಲ್ಲಾ ಹಾಲೇ ಕಣೋ! ಹಾಲಿಂದ ಆದದ್ದು ಯಾವುದೂ ಕೂಸಿನ ಹತ್ರ ಸುಳೀಬಾರ್ದು!"

ಸರಿಯವ್ವಾ ಅಂದ. ಸಂಜೆ ನೋಡಿದರೆ ಅಳಿಯ ಬೀದಿಯಲ್ಲಿ, ಬಾಗಿಲಿಗೆ ಅಗಳಿ!

"ಭಾವನ ಮೈಯೆಲ್ಲಾ ಹಾಲಿಂದಲೇ ಆದದ್ದಂತೆ. ಅವರವ್ವನೇ ಹೇಳಿದ್ರು!"

"ಬಾಯಿಗೆ ಹೋಗೋದನ್ನ ಕಾಯೋ! ಹಾಲಿಂದು ಬಾಯಿಗಿಟ್ಟು ಯಾರ ಮೈ ಕೆಂಪಾಗುತ್ತೋ ಅವರ ಕೈಯಿಂದ ಕಿತ್ಕೋ, ಅಷ್ಟೇ!"

ಸರಿಯವ್ವಾ ಅಂದ. ಎಲ್ಲರ ಬಾಯಿ ಕಾಯುತ್ತ ಕೂತ. ಮೂರನೆಯ ದಿನ ಕರಿಯಕ್ಕ ಮಜ್ಜಿಗೆ ಎತ್ತಿದಳು. ಎರಡು ಗುಟುಕು, ಅಷ್ಟೇ. ಲೋಟ ಜುಂಜನ ಕೈಯಲ್ಲಿ!

"ಕತ್ತು ಕೆಂಪಾಯ್ತವ್ವಾ! ನಿನ್ನೆನೂ ಆಯ್ತು, ಮೊನ್ನೆನೂ ಆಯ್ತು! ಸೆರಗಲ್ಲಿ ಮುಚ್ಕೊಂಡು ಕೆರ್ಕೋತೀಯ!"

ಊಟಕ್ಕೆ ಕೂತವರೆಲ್ಲ ಅವಳ ಕತ್ತಿನತ್ತ ಬಾಗಿದರು. ಉಷ್ಣ, ಉಷ್ಣ ಅಂತ ನಲವತ್ತು ವರ್ಷ ಹೇಳಿಕೊಂಡು ಬಂದ ತುರಿಕೆ ಅದು. ದನದ ಮನೆಯ ಹೆಂಗಸಿಗೆ ಹಾಲಾಗಲ್ಲ ಅಂದರೆ ಜನ ನಗುತ್ತಾರೆ ಅಂತ ನುಂಗಿಕೊಂಡದ್ದು. ಕರಿಯಕ್ಕ ಕೂಸಿನ ಮುಖ ನೋಡಿದಳು. ಎದ್ದು ಕೈತೊಳೆದಳು, ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ನಡೆದಳು.

"ಸುಳ್ಳು ಹೇಳಿದ್ದೆ ಡಾಕ್ಟ್ರೇ. ನನಗೂ ಇದೆ."

ಇಬ್ಬರಿಗೂ ಪರೀಕ್ಷೆ ಆಯಿತು, ಇಬ್ಬರದೂ ಅದೇ ಅಲರ್ಜಿ. "ಮಕ್ಕಳಿಗೆ ಬೆಳೀತಾ ಇದು ವಾಸಿಯಾಗಲೂಬಹುದು. ದೊಡ್ಡವರಿಗೆ ಉಷ್ಣ ಅಂದ್ಕೊಂಡೇ ಕಾಲ ಕಳೆಯುತ್ತೆ," ಅಂದರು ಡಾಕ್ಟರು. "ಯಾರು ಗುರುತಿಸಿದ್ದು?"

"ನನ್ನ ಮಗ!" ಅಂದಳು, ಹೊರಗೆ ಕೂತವರೂ ಒಳಗಿಣುಕುವ ಹಾಗೆ.

ಇನ್ನು ನರ್ಸಮ್ಮನಿಗೆ ಬೈದದ್ದರ ಋಣ. "ಜುಂಜಾ, ತಪ್ಪಾಯ್ತು ಅನ್ನೋಕೆ ಬರಿಗೈಲಿ ಹೋಗಬಾರ್ದು. ಊರಿಗೆ ಹೋಗಿ ನಮ್ಮನೆಯ ಒಳ್ಳೇದೊಂದು ತಾ. ಅದರಲ್ಲಿ ಹನಿ ಹಾಲೂ ಇರಬಾರ್ದು!"

ಸರಿಯವ್ವಾ ಅಂದ.

ಸರಸಿಜಳ ಬಾಗಿಲಲ್ಲಿ ಕರಿಯಕ್ಕ ಕೈಮುಗಿದಳು. "ತಪ್ಪಾಯ್ತು ತಾಯೀ, ನೀನಂದದ್ದೇ ನಿಜ" ಅನ್ನುವಷ್ಟರಲ್ಲಿ ಬೆನ್ನ ಹಿಂದೆ, ಅಂಬಾ! ಹಸುವಿನ ಹಗ್ಗ ಹಿಡಿದು ಜುಂಜ.

"ಲೋ! ಇದೇನೋ!"

"ಹನಿಯೂ ಇಲ್ಲವ್ವಾ! ಕರುಗೆ ಕುಡಿಸಿ, ಉಳಿದದ್ದೆಲ್ಲ ಕರೆದುಬಿಟ್ಟೆ!"

ಸರಸಿಜ ಬಿದ್ದು ಬಿದ್ದು ನಕ್ಕಳು. "ಹೊಡ್ಕೊಂಡು ಹೋಗಪ್ಪಾ!"

ಕರಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ಹಗ್ಗ ತಗೊಂಡು ಸರಸಿಜಳ ಕೈಗಿಟ್ಟಳು. "ಕಾಣಿಕೆ ಅಂತ ಬಾಗಿಲಿಗೆ ಬಂದದ್ದನ್ನ ನಮ್ಮನೆಯವರು ವಾಪಸ್ ಒಯ್ಯಲ್ಲಮ್ಮಾ. ಹಿಡ್ಕೋ. ಕರು ಹಿಂದೆ ಬರ್ತಿದೆ."