ಏಡಿಯಮ್ಮನ ಬಿಲ, ಹಂದಿಯ ನಗು

ಗಲಾಟೆ ಬಿಟ್ಟು ಹತ್ತಿರ ಕೂತ್ಕೊಳ್ಳಿ ಮಕ್ಕಳಾ, ಏಡಿಯಮ್ಮನಿಗೆ ನ್ಯಾಯ ಸಿಕ್ಕಿದ್ದು ಹೇಗೆ ಅಂತ ಹೇಳ್ತೀನಿ.

ಕೆರೆಯಂಗಳದಲ್ಲಿ ಅವಳದೊಂದು ಬಿಲ, ಒಳಗೆ ಮರಿಗಳು. ಒಂದು ದಿನ ಎಮ್ಮೆ ನೋಡದೆ ಕಾಲಿಟ್ಟು ಬಿಲ ಮುಚ್ಚಿಹೋಯಿತು. “ಅಯ್ಯೋ, ಕಾಣಲಿಲ್ಲ ಕಣವ್ವ” ಅಂತ ತಾನೇ ಕೆದಕಿ ತೆಗೆದುಕೊಟ್ಟಿತು. ಏಡಿಯಮ್ಮ ಮರಿಗಳನ್ನು ಎಣಿಸಿಕೊಂಡು ಒಳಗೆ ಹೋದಳು.

ಇದನ್ನು ಕಂಡ ಹಂದಿ ಮಾರನೆಯ ದಿನ ಬೇಕಂತಲೇ ಬಿಲದ ಮೇಲೆ ಹೊರಳಾಡಿ, ಅದನ್ನು ಮುಚ್ಚಿ ನಕ್ಕಿತು. ಏಡಿಯಮ್ಮ ಅಳುತ್ತಾ ಹಿರಿಯ ಆಮೆಯನ್ನು ಕರೆತಂದಳು.

“ಎಮ್ಮೆ ಹಾಗೆ ನಾನೂ ತೋಡಿಕೊಡ್ತೀನಿ ತಾತ, ಮುಗೀತಲ್ಲ! ನಾಳೆ ಮುಚ್ಚಿದ್ರೆ ನಾಳೆಯೂ ತೋಡ್ತೀನಿ” ಎಂದಿತು ಹಂದಿ.

“ಮೊದಲು ತೋಡು” ಎಂದಿತು ಆಮೆ. ಹಂದಿ ತೋಡಿತು, ಮರಿಗಳು ಜೀವಂತವಾಗಿ ಹೊರಬಂದವು. ಆಗ ಆಮೆ ಹೇಳಿತು: “ತೋಡಿದ್ದು ನೀನು ಕೆಡಿಸಿದ ಬಿಲಕ್ಕೆ ಸರಿಹೋಯ್ತು. ಎಮ್ಮೆ ಕಾಣದೆ ತುಳಿಯಿತು, ಅದಕ್ಕೆ ಅಷ್ಟೇ ಸಾಕು. ನೀನು ಗೊತ್ತಿದ್ದೂ ಮುಚ್ಚಿದೆ, ನಾಳೆಯೂ ಮುಚ್ಚುವೆ ಅಂತೀಯ. ಅದಕ್ಕೆ ಬೇರೆ ದಂಡ. ನಿನ್ನ ತಂಪು ಕೆಸರಿನ ಮೂಲೆ ಇನ್ನು ಏಡಿಗಳದು.”

“ನಿನ್ನ ಹೊಟ್ಟೆ ತಣ್ಣಗಿರಲಿ ತಾತ” ಎಂದು ಏಡಿಯಮ್ಮ ಇಕ್ಕಳದಂಥ ಎರಡೂ ಕೈ ಜೋಡಿಸಿ ಮುಗಿದಳು.

ಆಮೇಲೆ ಅವಳು ಆ ಮೂಲೆಯಲ್ಲಿ ಮೊಮ್ಮಕ್ಕಳನ್ನೂ ಕಂಡಳು. ಎಮ್ಮೆ ನೋಡಿ ಕಾಲಿಡುವುದನ್ನು ಕಲಿಯಿತು. ಆಮೆ ದಡಕ್ಕೆ ಬಂದಾಗಲೆಲ್ಲ ಮರಿಗಳು ಅದರ ಬೆನ್ನಿನ ಪಾಚಿ ಕೀಳುತ್ತಿದ್ದವು. ಹಂದಿಯೋ, ಬಿಸಿಲಲ್ಲಿ ಬೇರೆ ಕೆಸರು ಹುಡುಕಿಕೊಂಡು, ಹೊರಳುವ ಮೊದಲು “ಒಳಗೆ ಯಾರಾದರೂ ಇದ್ದೀರೇನವ್ವಾ?” ಅಂತ ಕೇಳತೊಡಗಿತು.