ಮೀನಿನ ಬಾಯಿಂದ ಮಾತು ಹೋದದ್ದು

ಲೋಕ ಇನ್ನೂ ಹೊಸದಾಗಿತ್ತು, ಗಂಜಿ ಬಿಡದ ಹೊಸ ಬಟ್ಟೆಯ ಹಾಗೆ. ಬೆಟ್ಟಗಳಿಗೆ ತಾವು ಎಲ್ಲಿ ಕೂರಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಕತೆ ಹೇಳುತ್ತಿತ್ತು, ಕಲ್ಲು ಹೂಂಗುಡುತ್ತಿತ್ತು. ಮೀನುಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಹೌದು, ಆಗ ಮೀನುಗಳು ಮಾತಾಡುತ್ತಿದ್ದವು.

ಹಿಮ ಕರಗಿ ಇಳಿಯುವ ಒಂದು ಹೊಳೆಯ ದಡದಲ್ಲಿ ಬೊಮ್ಮಕ್ಕ ಎಂಬ ಹೆಂಗಸಿದ್ದಳು. ನೂಲು ತೆಗೆಯುವುದು ಅವಳ ಕೆಲಸ. ಒಬ್ಬಳೇ ಇದ್ದಳು. ಲೋಕದಲ್ಲಿ ಜನ ಕಡಿಮೆ, ಆ ದಡದಲ್ಲಿ ಮಾತು ಇನ್ನೂ ಕಡಿಮೆ.

ಒಂದು ದಿನ ಹಸಿವು ತಡೆಯಲಾರದೆ ಅವಳು ಕೋಲಿನ ಬುಡಕ್ಕೆ ನೂಲಿನ ಉರುಳೆ ಸಿಕ್ಕಿಸಿದಳು. ದಾರದ ತುದಿಗೆ ಗಾಳ ಕಟ್ಟಿ ನೀರಿಗೆ ಎಸೆದಳು.

ನೀರೊಳಗೆ ಯಾರೋ ಕಿಸಕ್ಕನೆ ನಕ್ಕರು.

"ಏನಮ್ಮಾ, ಎಮ್ಮೆ ಕಟ್ಟೋಕೆ ಬಂದ್ಯಾ? ಇಷ್ಟು ದಪ್ಪ ಹಗ್ಗ!"

ಬೊಮ್ಮಕ್ಕ ಬಗ್ಗಿ ನೋಡಿದಳು. ಬಂಡೆಯ ನೆರಳಲ್ಲಿ ಒಂದು ಮೀನು ಹರಿವಿಗೆ ಮೂತಿ ಕೊಟ್ಟು ನಿಂತಿತ್ತು. ಮೈತುಂಬ ಕೆಂಪು ಚುಕ್ಕೆ. ಈಗಿನವರು ಅಂಥ ಮೀನನ್ನು ಟ್ರೌಟ್ ಅನ್ನುತ್ತಾರೆ. ಅವಳು ಚುಕ್ಕಣ್ಣ ಎಂದು ಕರೆದಳು.

"ನಿನ್ನನ್ನ ಯಾರು ಕೇಳಿದರು?" ಅಂದಳು.

"ಯಾರೂ ಕೇಳಲಿಲ್ಲ. ಆದರೆ ಅಡ್ಡಾದಿಡ್ಡಿ ಕೆಲಸ ಕಂಡರೆ ನನಗೆ ಮೈ ಉರಿಯುತ್ತೆ. ಕನ್ನಡಿಯಂಥ ನೀರಿದು, ತಂಗೀ. ಸಣ್ಣ ನೂಲು ತಗೊಂಡು ಬಾ, ಹೋಗು."

ಬೊಮ್ಮಕ್ಕ ಸಣ್ಣ ನೂಲು ತೆಗೆದು ತಂದಳು. ಚುಕ್ಕಣ್ಣ ನೂಲನ್ನು ಬಿಟ್ಟು ಗಾಳದಲ್ಲಿ ಹುಳುಕು ಹುಡುಕಿದ. "ಇದನ್ನ ಕಚ್ಚಬೇಕಾದರೆ ನಾನು ಮೊಸಳೆಯಾಗಿ ಹುಟ್ಟಬೇಕಿತ್ತು!" ಸಣ್ಣ ಗಾಳ ಕಟ್ಟಿ ತಂದಳು. ಭಾರಕ್ಕೆಂದು ಕಟ್ಟಿದ್ದ ಗುಂಡು ದುಡುಂ ಎಂದು ಬಿತ್ತು. "ಅಯ್ಯೋ, ನಮ್ಮಜ್ಜಿ ಬದುಕಿದ್ದಿದ್ದರೆ ಈ ಸದ್ದಿಗೇ ಹೋಗಿಬಿಡ್ತಿದ್ದಳು. ಜೋಳದ ಕಾಳಷ್ಟು ಸಾಕು."

ಎರೆಹುಳ ತಂದರೆ ಮೂಗು ಮುರಿದ. ತಗಡನ್ನು ಎಲೆಯ ಹಾಗೆ ಬಡಿದು ಕಟ್ಟಲು ಹೇಳಿದ. ಎಳೆದಾಗ ಅದು ಗರಗರ ತಿರುಗಿ ಮರಿಮೀನಿನ ಹಾಗೆ ಮಿಂಚಿತು. ಆದರೆ ಅದರ ಜೊತೆ ದಾರವೂ ತಿರುಗಿ, ಹುರಿಗೊಂಡು, ಗಂಟುಗಂಟಾಯಿತು. ಬೊಮ್ಮಕ್ಕ ತಲೆ ಮೇಲೆ ಕೈ ಹೊತ್ತು ಕೂತಳು.

"ಅಳಬೇಡ. ದಾರಕ್ಕೂ ತಗಡಿಗೂ ನಡುವೆ ಎರಡು ಪುಟ್ಟ ಬಳೆ ಒಂದರೊಳಗೊಂದು ಸಿಕ್ಕಿಸು. ತಗಡು ಎಷ್ಟು ಬೇಕಾದರೂ ಕುಣೀಲಿ, ದಾರ ಸುಮ್ಮನಿರುತ್ತೆ."

ತಮ್ಮವರನ್ನು ಹಿಡಿಯುವುದನ್ನು ಯಾರಾದರೂ ತಾವೇ ಕಲಿಸುತ್ತಾರೆಯೇ ಎಂದು ನೀನು ಕೇಳಬಹುದು. ಕಲಿಸುತ್ತಾರೆ. ಕೆಲಸದ ಹುಚ್ಚು ಹಿಡಿದವರಿಗೆ ಕೆಲಸ ಯಾರ ಕುತ್ತಿಗೆಗೆ ಬರುತ್ತದೆಂಬುದು ಕಾಣುವುದಿಲ್ಲ. ಅದೂ ಅಲ್ಲದೆ, ಕೆಳಗಿನ ಮಡುವಿನ ದಾಂಡಿಗ ಮೀನುಗಳು ಬಂದು ಚುಕ್ಕಣ್ಣನ ಮೊಟ್ಟೆಮರಿಗಳನ್ನು ನುಂಗುತ್ತಿದ್ದವು. ಅವನ್ನು ಬೊಮ್ಮಕ್ಕ ಹಿಡಿದರೆ ಅವನಿಗೇನು ನಷ್ಟ?

"ನನ್ನ ತಂಟೆಗೆ ಮಾತ್ರ ಬರಬೇಡ," ಅಂದಿದ್ದ.

"ಛೇ! ನಿನ್ನನ್ನ ತಿಂದು ಆಮೇಲೆ ಯಾರ ಹತ್ತಿರ ಬೈಸಿಕೊಳ್ಳಲಿ?" ಅಂದಿದ್ದಳು.

ಅದಕ್ಕೇ ಅವರಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಎಸೆಯುವ ಮೊದಲು ಬೊಮ್ಮಕ್ಕ ದಾರದ ತುದಿಯನ್ನು ನೀರಿಗೆ ಹಿಡಿದು ತೋರಿಸುವಳು. ಚುಕ್ಕಣ್ಣ ಸುತ್ತು ಬಂದು ನೋಡುವನು, ಹುಳುಕು ಹೇಳುವನು, ಬಂಡೆಯ ಹಿಂದೆ ಸರಿಯುವನು. ಆಮೇಲೆ ಅವಳು ಎಸೆಯುವಳು. ತೋರಿಸುವುದು, ಬೈಸಿಕೊಳ್ಳುವುದು, ಎಸೆಯುವುದು. ಒಲೆಯ ಮೇಲೆ ದಿನವೂ ಮೀನು ಬೆಂದಿತು. ಹಸಿವು ಹೋಯಿತು. ಆದರೂ ಬೊಮ್ಮಕ್ಕ ಬೆಳಗಾದರೆ ಹೊಳೆಗೆ ಓಡುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. "ಚೆನ್ನಾಗಿದೆ" ಎಂಬ ಮಾತು. ಚುಕ್ಕಣ್ಣ ಅದನ್ನು ಒಮ್ಮೆಯೂ ಆಡಿರಲಿಲ್ಲ.

ಕೊನೆಗೆ ಅವಳು ತನ್ನ ಕಿವಿಯ ಬೆಳ್ಳಿ ಓಲೆಯನ್ನೇ ಬಿಚ್ಚಿದಳು. ಬೇವಿನೆಲೆಗಿಂತ ತೆಳ್ಳಗೆ ಬಡಿದಳು. ಗಾಳ ಕಾಣದ ಹಾಗೆ ಕೆಂಪು ಉಣ್ಣೆ ಸುತ್ತಿದಳು. ಎತ್ತಿ ಹಿಡಿದರೆ ಉಸಿರಿಗೇ ತಿರುಗುತ್ತಿತ್ತು.

"ತೋರಿಸಿ ಎಸೆ, ಬೊಮ್ಮಕ್ಕ," ಅಂದಿತು ಹೊಳೆ.

"ದಿನಾ ತೋರಿಸ್ತೀಯ, ಇವತ್ತೇನು ಬಿಂಕ?" ಅಂದಿತು ಗಾಳಿ.

"ಇವತ್ತು ಬೇಡ," ಅಂದಳು ಬೊಮ್ಮಕ್ಕ. "ಕೈಯಲ್ಲಿ ಹಿಡಿದು ತೋರಿಸಿದರೆ ಏನಾದರೂ ಒಂದು ಹುಳುಕು ತೆಗೀತಾನೆ. ನೀರಲ್ಲಿ ಓಡುವಾಗಲೇ ನೋಡಲಿ. ಆಗ ಚೆನ್ನಾಗಿದೆ ಅನ್ನದೆ ಹೆಂಗಿರ್ತಾನೋ ನಾನೂ ನೋಡ್ತೀನಿ."

ಎಸೆದಳು. ಉರುಳೆ ಸುತ್ತಿದಳು. ಹೊಟ್ಟೆಯಲ್ಲಿ ಬಿಸಿಲು ತುಂಬಿಕೊಂಡ ಮರಿಯೊಂದು ಬಂಡೆಯ ಪಕ್ಕ ಓಡಿದಂತಾಯಿತು. ಬೊಮ್ಮಕ್ಕ ಕಿವಿಗೊಟ್ಟಳು. ನಗು ಬರಲಿಲ್ಲ. ಬೈಗುಳ ಬರಲಿಲ್ಲ. ಕಡೆಗೂ ಅವನಿಗೆ ಹುಳುಕು ಸಿಗಲಿಲ್ಲ ಎಂದು ಅವಳ ಎದೆ ಉಬ್ಬಿತು.

ದಾರ ಬಿಗಿಯಾಯಿತು.

ಎಳೆದಾಗ ನೀರಿನಿಂದ ಮೊದಲು ಬಂದದ್ದು ಕೆಂಪು ಚುಕ್ಕೆಗಳು.

ಗಾಳ ನಾಲಿಗೆಗೇ ನೆಟ್ಟಿತ್ತು. "ಅಲ್ಲಾಡಬೇಡ ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಅಲ್ಲಾಡಬೇಡ," ಅಂದಳು ಬೊಮ್ಮಕ್ಕ. ಮೀನಿಗೆ ಕಾಲಿಲ್ಲವೆಂಬುದೂ ಆಗ ಅವಳಿಗೆ ನೆನಪಾಗಲಿಲ್ಲ. ಗಾಳವನ್ನು ಬೆರಳಲ್ಲಿ ಹಿಡಿದು ಎಳೆದಳು. ಗಾಳ ಬಂತು. ಗಾಳದ ಜೊತೆ ನಾಲಿಗೆಯೂ ಬಂತು.

ಅವಳು ಅವನನ್ನು ಬೊಗಸೆಯಲ್ಲಿ ಹಿಡಿದು ನೀರಿಗೆ ಇಳಿಸಿದಳು. ಚುಕ್ಕಣ್ಣ ಬದುಕಿದ್ದ. ಬಂಡೆಯ ನೆರಳಿಗೆ ಹೋಗಿ, ತಿರುಗಿ, ಅವಳ ಹತ್ತಿರವೇ ಬಂದ.

"ಬೈಯಿ," ಅಂದಳು. "ಎಷ್ಟು ಬೇಕಾದರೂ ಬೈಯಿ."

ಚುಕ್ಕಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಮತ್ತೆ ಮುಚ್ಚಿದ.

"ಏನಂದ?" ಎಂದು ಅವಳು ಹೊಳೆಯನ್ನು ಕೇಳಿದಳು. "ಥೂ ಅಂದನಾ? ಚೆನ್ನಾಗಿದೆ ಅಂದನಾ?"

"ನನ್ನೊಳಗೇ ಇದ್ದಾನೆ, ನನಗೂ ಕೇಳಿಸಲಿಲ್ಲ," ಅಂದಿತು ಹೊಳೆ. ಗಾಳಿ ಮುಖ ತಿರುಗಿಸಿಕೊಂಡು ಹೋಯಿತು.

ಬೊಮ್ಮಕ್ಕ ಕೋಲು ಮುರಿದಳು. ಅಂದಿನಿಂದ ದಿನವೂ ಖಾಲಿ ಕೈಯನ್ನು ನೀರಿಗೆ ಹಿಡಿದಳು, ಏನೂ ಕಟ್ಟಿಲ್ಲ ನೋಡು ಎನ್ನುವ ಹಾಗೆ. ಚುಕ್ಕಣ್ಣ ದಿನವೂ ಬಂದ, ಸುತ್ತು ಹಾಕಿದ, ಬಾಯಿ ತೆರೆದು ಮುಚ್ಚಿದ. ಒಂದು ದಿನ ಅವಳಿಗೆ ಅದು ಶಾಪದಂತೆ ಕಂಡಿತು, ಇನ್ನೊಂದು ದಿನ ಕ್ಷಮೆಯಂತೆ. ಕೂದಲು ಬೆಳ್ಳಗಾದರೂ ಯಾವುದೆಂದು ಗೊತ್ತಾಗಲಿಲ್ಲ.

ಆ ಕಾಲದಲ್ಲಿ ಮೀನುಮರಿಗಳೆಲ್ಲ ಮಾತು ಕಲಿಯುತ್ತಿದ್ದದ್ದು ಚುಕ್ಕಣ್ಣನ ಬಳಿಯೇ. ಮರಿಗಳು ಗುರುವಿನ ಬಾಯಿ ನೋಡಿದವು, ನೋಡಿದ್ದನ್ನೇ ಕಲಿತವು. ಮಾತು ಬಲ್ಲ ಮುದಿ ಮೀನುಗಳು ಒಂದೊಂದಾಗಿ ತೀರಿಕೊಂಡವು. ಮರಿಗಳು ದೊಡ್ಡವಾಗಿ ಹೊಳೆಯಿಂದ ಕೆರೆಗೆ, ಕೆರೆಯಿಂದ ಕಡಲಿಗೆ ಹೋದವು.

ಅದಕ್ಕೇ ಇವತ್ತಿಗೂ ನೀನು ಗಾಜಿನ ತೊಟ್ಟಿಗೆ ಮೂಗು ಒತ್ತಿ ನಿಂತರೆ ಮೀನು ನಿನ್ನ ಹತ್ತಿರ ಬಂದು, ಬೊಮ್ಮಕ್ಕನಿಗೆ ಅಂದು ಕೇಳಿಸದೇ ಹೋದ ಆ ಒಂದು ಮಾತಿಗಾಗಿ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ.